ಕಮಿಷನರ ಸಾಹೇಬರ ಕತ್ತು

ಟೀಸಾ ನದಿಯ ಆಚೆ ದಡದ ಕೆರೆಕ್‌ಹಾಜ್ ಪೇಟೆಯಲ್ಲಿ ಚಾಪೋ ಬೊರ್ಚಾ ಎಂಬ ವಿಧವೆ ಎಂಬತ್ತೊಂದು ವರ್ಷ ಬದುಕಿದಳು. ಅದರಲ್ಲಿ ಅರವತ್ತು ವರ್ಷ ಒಂದೇ ಮಗ್ಗುಲಾಗಿ ಒಲೆಯ ಮುಂದೆ ನಿಂತಿದ್ದರಿಂದ ಆಕೆಯ ಎಡಗೆನ್ನೆ ಬಲಗೆನ್ನೆಗಿಂತ ಒಂದು ಹದ ಹೆಚ್ಚಾಗಿಯೇ ಬೆಂದಿತ್ತು. ವಿಯೆನ್ನಾದ ಚಕ್ರವರ್ತಿ ಕೊನೆಗೊಮ್ಮೆ ಹಂಗೇರಿಯವರೊಂದಿಗೆ ರಾಜಿ ಮಾಡಿಕೊಂಡು ನಮ್ಮ ಕಿರೀಟವನ್ನೂ ತಲೆಗೇರಿಸಿಕೊಂಡ ವರ್ಷ ಪಾದ್ರಿಗಳು ಅವಳ ಅಂಗಡಿಗೆ ಬಂದರು.

"ಬೊರ್ಚಕ್ಕ, ದೇಶವೇ ಕ್ಷಮಿಸ್ತು. ನೀನೂ ಕ್ಷಮಿಸಿಬಿಡಮ್ಮ."

"ಚಕ್ರವರ್ತೀನ ಯಾವತ್ತೋ ಕ್ಷಮಿಸಿಬಿಟ್ಟೆ ಗುರುಗಳೇ. ಅಷ್ಟು ದೊಡ್ಡೋರು ನನ್ನ ಒಲೇಲಿ ಹಿಡಿಸಲ್ಲ. ಆ ಕಮಿಷನರ್ ಮಾತು ಮಾತ್ರ ಎತ್ತಬೇಡಿ. ಅವನು ಸರಿಯಾಗಿ ಹಿಡಿಸ್ತಾನೆ."

ಪಾದ್ರಿಗಳು ಒಲೆಯೊಳಗೆ ಇಣುಕಿದರು. ಹೌದು, ಕಮಿಷನರ್ ಸಾಹೇಬರು ಅಲ್ಲೇ ಇದ್ದರು, ಹನ್ನೆರಡು ಮಂದಿ, ಸಾಲಾಗಿ, ಹೊಂಬಣ್ಣಕ್ಕೆ ತಿರುಗುತ್ತ.

ಬೊರ್ಚಾಳದ್ದು ಜೇನುರೊಟ್ಟಿಯ ಕಸುಬು. ರೈ ಹಿಟ್ಟನ್ನು ಜೇನಿನಲ್ಲಿ ಕಲಸಿ, ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಹದಕ್ಕೆ ಬಿಟ್ಟು, ಮರಸೇಬಿನ ಹಲಗೆಯಲ್ಲಿ ಕೊರೆದ ಅಚ್ಚಿಗೆ ಒತ್ತಿ ಬೇಯಿಸುವುದು. ಹುಡುಗಿಯರಿಗೆ ಹೃದಯ, ಬಾಣಂತಿಯರಿಗೆ ತೊಟ್ಟಿಲು, ಉಳಿದ ಲೋಕಕ್ಕೆಲ್ಲ ಹುಸಾರ್, ಅಂದರೆ ಕುದುರೆ ಏರಿದ ನಮ್ಮ ದಂಡಿನ ಸವಾರ. ಈ ರೊಟ್ಟಿಯ ಗಟ್ಟಿತನದ ಬಗ್ಗೆ ಹೇಳುವುದಾದರೆ, ಬೊರ್ಚಾಳ ಮಾವನ ಎದೆಜೇಬಿನಲ್ಲಿದ್ದ ಒಂದು ಹುಸಾರ್ ಫ್ರೆಂಚರ ಗುಂಡನ್ನು ತಡೆದಿತ್ತು. ರೊಟ್ಟಿಗೆ ಏನೂ ಆಗಲಿಲ್ಲ. ಗುಂಡು ಚಪ್ಪಟೆಯಾಗಿ, ನಾಚಿಕೊಂಡು, ಬಂದ ದಾರಿಯಲ್ಲೇ ಹಿಂದಿರುಗಿತಂತೆ.

ಹುಸಾರನನ್ನು ತಿನ್ನುವುದಕ್ಕೂ ನಮ್ಮಲ್ಲಿ ಒಂದು ಮರ್ಯಾದೆಯಿತ್ತು. ಕುದುರೆಯ ಗೊರಸಿನಿಂದ ಶುರುಮಾಡಿ ಮೇಲಕ್ಕೆ ಬರಬೇಕು. ತಲೆಯನ್ನು ಮಾತ್ರ ಮುಟ್ಟಕೂಡದು. ಅದಕ್ಕೆ ಕೆಂಪು ದಾರ ಕಟ್ಟಿ ಕನ್ನಡಿಯ ಪಕ್ಕ ನೇತುಹಾಕಬೇಕು. ರೊಟ್ಟಿಯ ತಲೆ ಮನೆಯಲ್ಲಿ ಜೋಪಾನವಾಗಿದ್ದರೆ ದಂಡಿಗೆ ಹೋದ ಗಂಡಸಿನ ತಲೆ ದಂಡಿನಲ್ಲಿ ಜೋಪಾನವಾಗಿರುತ್ತದೆಂದು ನಂಬಿಕೆ. ತಲೆಯಿಂದ ಕಚ್ಚಲು ಹೊರಟವನಿಗೆ ಈ ಸೀಮೆಯಲ್ಲಿ ಯಾರೂ ಹೆಣ್ಣು ಕೊಡುತ್ತಿರಲಿಲ್ಲ.

ಸಾವಿರದ ಎಂಟುನೂರ ನಲವತ್ತೆಂಟರಲ್ಲಿ ನಮ್ಮವರು ಸಾಮ್ರಾಜ್ಯದ ಮೇಲೆ ಎದ್ದಾಗ ಬೊರ್ಚಾಳ ಗಂಡ ಗೆರ್ಗೆಯೂ ಕೊರೆಯುವ ಉಳಿ ಕೆಳಗಿಟ್ಟು ಬಂದೂಕು ಹಿಡಿದ. ಒಂದೂವರೆ ವರ್ಷ ಗೆದ್ದೆವು, ಸೋತೆವು, ಮತ್ತೆ ಗೆದ್ದೆವು. ಒಬ್ಬನೇ ಸೋಲಿಸಲಾರೆನೆಂದು ತಿಳಿದಾಗ ವಿಯೆನ್ನಾದವನು ರಷ್ಯದವನನ್ನು ಕರೆಸಿಕೊಂಡ. ರಷ್ಯದ ಸೈನ್ಯ ಎಷ್ಟಿತ್ತೆಂದರೆ, ಅದರ ಮೊದಲ ಸಾಲು ನಮ್ಮ ಪೇಟೆಯಲ್ಲಿ ಕೋಳಿ ಕದಿಯುತ್ತಿದ್ದಾಗ ಕೊನೆಯ ಸಾಲಿನವರು ಇನ್ನೂ ತಮ್ಮ ಮನೆಗಳಲ್ಲಿ ಬೂಟು ಹುಡುಕುತ್ತಿದ್ದರು. ಹಾಗೆ ಮುಗಿಯಿತು. ಗೆರ್ಗೆ ತಲೆಯೊಂದಿಗೆ ಮನೆಗೆ ಬಂದ. ಕನ್ನಡಿಯ ಪಕ್ಕದ ಹುಸಾರನ ತಲೆಗೆ ಬೊರ್ಚಾ ಮುತ್ತಿಟ್ಟಳು.

ಮರುವರ್ಷ ನಮ್ಮ ಪೇಟೆಗೆ ಕಮಿಷನರ್ ಬಂದ. ವೊಂದ್ರಾಚೆಕ್ ಎಂದು ಹೆಸರು, ಬೊಹೆಮಿಯಾದವನು. ಹುಟ್ಟಿದಾಗಿನಿಂದ ಮೇಜಿನ ಹಿಂದೆಯೇ ಕುಳಿತವನಾದ್ದರಿಂದ ಸೊಂಟದ ಕೆಳಗೆ ಅವನಿಗೆ ಕಾಲುಗಳಿವೆಯೆಂಬುದು ಅವನ ತಾಯಿಗೂ ಮರೆತುಹೋಗಿತ್ತು. ಗಡ್ಡದಲ್ಲಿ ದಂಗೆ ಹುಡುಕಿದ, ಟೋಪಿಯ ಗರಿಯಲ್ಲಿ ದಂಗೆ ಹುಡುಕಿದ, ಆಮೇಲೆ ಜೇನುರೊಟ್ಟಿಯಲ್ಲಿ ಹುಡುಕಿದ. ಹುಸಾರ್ ಸವಾರ ದಂಗೆಕೋರರ ಚಿತ್ರ. ಆದ್ದರಿಂದ ಹುಸಾರ್ ಅಚ್ಚುಗಳೆಲ್ಲ ಜಪ್ತಿ, ಎಂದು ಹುಕುಂ ಹೊರಡಿಸಿದ. ನಾಲ್ಕು ತಲೆಮಾರಿನವರು ಕೊರೆದ ಎಂಬತ್ತೇಳು ಅಚ್ಚುಗಳು ಗಾಡಿಯೇರಿ ಕಚೇರಿಗೆ ಹೋದವು. ಅದು ಕೊರೆಯುವ ಜನವರಿ. ಒಣಗಿದ ಮರಸೇಬಿನ ಮರ ಚೆನ್ನಾಗಿ ಉರಿಯುತ್ತದೆಂದು ಯಾರೋ ಹೇಳಿದರು. ಸಾಹೇಬರು ಒಂದು ವಾರ ಬೆಚ್ಚಗಿದ್ದರು.

ಗೆರ್ಗೆ ಕಚೇರಿಗೆ ನುಗ್ಗಿ ಉರಿಯುವ ಒಲೆಗೆ ಕೈಹಾಕಿ ಅಜ್ಜನ ಅಚ್ಚೊಂದನ್ನು ಎಳೆದ. ಉಳಿದಿದ್ದು ಕುದುರೆಯ ಹಿಂಗಾಲು ಮಾತ್ರ. ಸರ್ಕಾರಿ ಸೊತ್ತು ಕದ್ದನೆಂದು ಪೇಟೆಯ ಚೌಕದಲ್ಲಿ ಅವನನ್ನು ಹಲಗೆಯ ಮೇಲೆ ಬೋರಲು ಕಟ್ಟಿಸಿ, ಡೋಲು ಬಾರಿಸಿ, ಇಪ್ಪತ್ತೈದು ಏಟು ಹೊಡೆಸಿದರು. ವೊಂದ್ರಾಚೆಕ್ ಮೇಲಿನ ಕಿಟಕಿಯಲ್ಲಿ ನಿಂತು ಕಾಫಿ ಕುಡಿಯುತ್ತಿದ್ದ. ಏಟು ಮುಗಿಯುವ ಮೊದಲೇ ಕಾಫಿ ಮುಗಿಯಿತೆಂದು ಒಳಗೆ ಹೋದ. ಅದನ್ನು ಬೊರ್ಚಾ ನೋಡಿದಳು. ಒಂಬತ್ತನೆಯ ದಿನ ಜ್ವರ ಏರಿ ಗೆರ್ಗೆ ಸತ್ತ.

ಗೋರಿಗೆ ಮಣ್ಣು ಹಾಕಿ ಕೈ ಒರೆಸಿಕೊಳ್ಳುತ್ತ ಬೊರ್ಚಾ ಎಲ್ಲರಿಗೂ ಕೇಳುವಂತೆ ಹೇಳಿದಳು:

"ಆ ಮನುಷ್ಯನ್ನ ಇಡೀ ಊರಿನ ಹಲ್ಲಿಗೆ ಹಾಕಿ ಅಗಿಸ್ತೀನಿ. ತನ್ನನ್ನ ತಾನೇ ತಿನ್ನೋ ಹಾಗೆ ಮಾಡ್ತೀನಿ. ಅಲ್ಲಿವರೆಗೂ ಜೇನು ನನ್ನ ನಾಲಿಗೆಗೆ ತಾಕಲ್ಲ."

ಜನ ಗಾಬರಿಯಾದರು. ಜೇನುರೊಟ್ಟಿಯವಳು ಜೇನು ನೆಕ್ಕುವುದಿಲ್ಲವೆಂದರೆ ಪಾದ್ರಿ ಬೈಬಲ್ ಮುಟ್ಟುವುದಿಲ್ಲವೆಂದ ಹಾಗೆ. ಪ್ರತಿ ಪೀಪಾಯಿಯನ್ನೂ ಬೆರಳದ್ದಿ ರುಚಿ ನೋಡಿಯೇ ಇಳಿಸಿಕೊಳ್ಳುವುದು ಕಸುಬಿನ ಪದ್ಧತಿ. ಜೇನು ಸರಬರಾಜು ಮಾಡುವ ಇಗ್ನಾಟ್ಸ್ ಮುಂದೆ ಬಂದು, ಎದೆಯ ಮೇಲೆ ಕೈಯಿಟ್ಟು, ಕಣ್ಣಲ್ಲಿ ಮೊಟ್ಟೆಯಷ್ಟು ದಪ್ಪ ನೀರು ತುಂಬಿಕೊಂಡು ಹೇಳಿದ:

"ಅಕ್ಕ, ನೀನು ಧೈರ್ಯವಾಗಿ ಆಣೆ ಇಟ್ಕೊ. ನನ್ನ ಜೇನು ರುಚಿ ನೋಡೋ ಅಗತ್ಯಾನೇ ಇಲ್ಲ. ಮೊಟ್ಟೆ ಹಾಕಿ ನೋಡು, ತೇಲಿದ್ರೆ ಗಟ್ಟಿ ಜೇನು. ಅಷ್ಟು ಸಾಕಲ್ವಾ?"

ಎಂಥ ಒಳ್ಳೆಯ ಮನುಷ್ಯ ಎಂದು ಎಲ್ಲರೂ ಮೂಗು ಒರೆಸಿಕೊಂಡರು.

ಆಣೆಯೇನೋ ಆಯಿತು. ದಾರಿ ಸಿಕ್ಕಲು ಎರಡು ವರ್ಷ ಹಿಡಿಯಿತು, ಅದೂ ವಿಯೆನ್ನಾದಿಂದಲೇ ಬಂತು. ಹಂಗೇರಿಯಲ್ಲಿರುವ ಸರ್ಕಾರಿ ಗುಮಾಸ್ತರೆಲ್ಲ ಇನ್ನು ಮುಂದೆ ಹಂಗೇರಿಯ ಉಡುಪನ್ನೇ ತೊಡಬೇಕು, ಹಾಗಾದರೆ ಜನ ಪ್ರೀತಿಸುತ್ತಾರೆ ಎಂದು ಅಲ್ಲಿಯ ಯಾವನೋ ಮಹಾಬುದ್ಧಿವಂತ ಯೋಚಿಸಿದ್ದ. ಒಂದು ಭಾನುವಾರ, ಜನ ಚರ್ಚಿನಿಂದ ಹೊರಬರುವ ಹೊತ್ತಿಗೆ, ಕಚೇರಿಯ ಮೆಟ್ಟಿಲ ಮೇಲೆ ವೊಂದ್ರಾಚೆಕ್ ಕಾಣಿಸಿಕೊಂಡ. ಜರತಾರಿ ಹೆಣೆದ ಕೋಟು, ಬಿಗಿ ಚಲ್ಲಣ, ಕೊಕ್ಕರೆಯ ಗರಿ ಸಿಕ್ಕಿಸಿದ ಟೋಪಿ, ಜೊತೆಗೆ ಕತ್ತಿ. ಅಪ್ಪಟ ಹುಸಾರ್. ಆದರೆ ಎಡಸೊಂಟಕ್ಕೆ ಕಟ್ಟಬೇಕಾದ ಕತ್ತಿಯನ್ನು ಬಲಗಡೆ ಕಟ್ಟಿಕೊಂಡಿದ್ದ.

ಜನ ನಕ್ಕ ರಭಸಕ್ಕೆ ಗೋಪುರದ ಕೊಕ್ಕರೆಗಳು ಆ ವರ್ಷ ಎರಡು ತಿಂಗಳು ಮೊದಲೇ ಆಫ್ರಿಕಾಕ್ಕೆ ಹೊರಟುಹೋದವು. ಬೂಟು ಹೊಲಿಯುವ ದೆಮೆತೆರ್, ಬೊರ್ಚಾಳ ಪಕ್ಕದ ಮನೆಯವನು, ಗೋಡೆಗೆ ಒರಗಿಕೊಂಡೇ ನಕ್ಕ.

"ಅಕ್ಕ, ಅವನು ಕತ್ತಿ ಎಳೀಬೇಕಾದ್ರೆ ಮೊದಲು ಚಲ್ಲಣ ಬಿಚ್ಚಬೇಕು ನೋಡು!"

ಬೊರ್ಚಾ ನಗಲಿಲ್ಲ. ಮನೆಗೆ ಹೋಗಿ ಅಟ್ಟ ಹತ್ತಿದಳು. ಹತ್ತು ವರ್ಷದಿಂದ ಒಣಗಲಿ ಎಂದು ಗೆರ್ಗೆ ಇಟ್ಟಿದ್ದ ಆರು ಮರಸೇಬಿನ ಹಲಗೆಗಳು ಅಲ್ಲಿದ್ದವು. ಹುಸಾರನ ಚಿತ್ರ ನಿಷಿದ್ಧ. ಆದರೆ ಕಮಿಷನರ್ ಸಾಹೇಬರ ಚಿತ್ರ ಯಾವ ಹುಕುಮಿನಲ್ಲಿ ನಿಷಿದ್ಧ? ಕತ್ತಿ ಬಲಗಡೆ ಕಟ್ಟಿದ ಸಾಹೇಬನನ್ನು ಹಾಗೆಯೇ ರೊಟ್ಟಿ ಮಾಡಿ ಇಡೀ ಸೀಮೆಗೆ ಹಂಚಿದರೆ?

ತೊಂದರೆಯೇನೆಂದರೆ, ನಮ್ಮ ಕಸುಬಿನಲ್ಲಿ ಕೊರೆಯುವುದು ಗಂಡಸಿನ ಕೆಲಸ, ಕಲಸುವುದು ಹೆಂಗಸಿನದು. ಬೊರ್ಚಾ ಉಳಿ ಹಿಡಿದವಳೇ ಅಲ್ಲ. ಆದರೂ ಮೂರು ವಾರ ಕೂತು, ಕಂಡದ್ದನ್ನು ಕಂಡ ಹಾಗೆ, ಕೂದಲೆಳೆ ತಪ್ಪದೆ ಕೊರೆದಳು. ಕೋಳಿಗಣ್ಣು, ಜೋಲು ಕೆನ್ನೆ, ಬಲಸೊಂಟದ ಕತ್ತಿ, ಎಲ್ಲ ಇತ್ತು. ಹಿಟ್ಟು ಒತ್ತಿದಳು, ಅಚ್ಚನ್ನು ಕವುಚಿ ಹಾಕಿದಳು, ಬೇಯಿಸಿದಳು, ದೆಮೆತೆರನನ್ನು ಕರೆದಳು.

ದೆಮೆತೆರ್ ರೊಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿದ.

"ಅಕ್ಕ... ಕತ್ತಿ ಸರಿಯಾಗೇ ಇದ್ಯಲ್ಲ. ಎಡಗಡೇನೇ ಇದೆ."

ಬೊರ್ಚಾ ರೊಟ್ಟಿ ಕಸಿದುಕೊಂಡು ನೋಡಿದಳು. ಅಚ್ಚಿನಲ್ಲಿ ಎಡಕ್ಕಿದ್ದದ್ದು ರೊಟ್ಟಿಯಲ್ಲಿ ಬಲಕ್ಕೆ ಬರುತ್ತದೆ, ಬಲದ್ದು ಎಡಕ್ಕೆ. ಅಚ್ಚು ಮಾಡುವವನು ಲೋಕವನ್ನು ತಿರುವುಮುರುವಾಗಿ ಕೊರೆಯಬೇಕೆಂಬುದು ಗೆರ್ಗೆಯ ಕೈಗೆ ಗೊತ್ತಿತ್ತು. ಆ ಕೈ ಗೋರಿಯಲ್ಲಿತ್ತು. ಮೂರು ವಾರದ ಸೇಡಿನಿಂದ ಅವಳು ಆ ಮನುಷ್ಯನ ಕತ್ತಿಯನ್ನು ಸರಿಯಾದ ಜಾಗಕ್ಕೆ ಕಟ್ಟಿಕೊಟ್ಟಿದ್ದಳು! ಸಿಟ್ಟಿಗೆ ರೊಟ್ಟಿಯನ್ನು ಬೀದಿಗೆ ಎಸೆದಳು.

ಅದು ಹೋಗಿ ಬಿದ್ದದ್ದು ನಡೆದು ಬರುತ್ತಿದ್ದ ವೊಂದ್ರಾಚೆಕನ ಕಾಲ ಬಳಿ.

ಅವನು ಬಗ್ಗಿ ಎತ್ತಿಕೊಂಡ. ದೆಮೆತೆರ್ ಮೆಲ್ಲನೆ ಹಿಂಬಾಗಿಲ ಕಡೆ ಸರಿದ. ಕಮಿಷನರ್ ಬಹಳ ಹೊತ್ತು ರೊಟ್ಟಿಯನ್ನು ದಿಟ್ಟಿಸಿದ. ಆಮೇಲೆ ಅವನ ಮುಖ, ಮೂರು ವರ್ಷದಲ್ಲಿ ಮೊದಲ ಸಲ, ಬೆಣ್ಣೆಯ ಹಾಗೆ ಕರಗಿತು.

"ಇದು ನಾನಾ?"

"...ಹೌದು ಸಾಹೇಬ್ರೆ."

"ಇಡೀ ಊರಲ್ಲಿ ನನ್ನ ನೋಡಿ ನಗದೇ ಇದ್ದೋಳು ನೀನೊಬ್ಳೇ ಅಂತ ಗಮನಿಸಿದ್ದೆ," ಎಂದ ಅವನು, ರೊಟ್ಟಿಯ ಧೂಳು ಒರೆಸುತ್ತ. "ಎಷ್ಟು ಚೆನ್ನಾಗಿ ಮಾಡಿದೀಯಮ್ಮ! ಕತ್ತಿ ಎಷ್ಟು ಚೆನ್ನಾಗಿ ಕೂತಿದೆ! ಕೇಳು. ಆಗಸ್ಟ್ ಹದಿನೆಂಟಕ್ಕೆ ಚಕ್ರವರ್ತಿಗಳ ಹುಟ್ಟುಹಬ್ಬ. ಪೆಷ್ಟ್ ನಗರದಿಂದ ಜನರಲ್ ಸಾಹೇಬ್ರು ಬರ್ತಾರೆ. ಊರೋರೆಲ್ಲ ಚೌಕಕ್ಕೆ ಬರಬೇಕು ಅಂತ ಹುಕುಂ ಆಗಿದೆ. ಮುನ್ನೂರು ರೊಟ್ಟಿ ಮಾಡು. ಒಬ್ಬೊಬ್ಬರ ಕೈಗೂ ಒಂದೊಂದು ನಾನು."

ಬೊರ್ಚಾ ಅವನನ್ನು ನೋಡಿದಳು. ಆಮೇಲೆ ಅವನ ಕತ್ತನ್ನು ನೋಡಿದಳು. ಆಮೇಲೆ ಬಹಳ ವಿನಯದಿಂದ ತಲೆಬಾಗಿದಳು.

ಎರಡನೆಯ ಹಲಗೆಯನ್ನು ಅವಳು ತಪ್ಪಿಲ್ಲದೆ ಕೊರೆದಳು. ಕುದುರೆ ದಷ್ಟಪುಷ್ಟ, ಎದೆ ಅಗಲ, ಮೀಸೆ ಭರ್ಜರಿ, ಕತ್ತಿ ಅವನು ಮೆಚ್ಚಿದ ಎಡಗಡೆಗೇ. ಕತ್ತು ಮಾತ್ರ ಕಿರುಬೆರಳಷ್ಟು. ಮಾದರಿ ತೋರಿಸಿದಾಗ ವೊಂದ್ರಾಚೆಕ್ ಹುಬ್ಬು ಗಂಟಿಕ್ಕಿದ.

"ಕತ್ತು ಸ್ವಲ್ಪ ಸಣ್ಣ ಆಯ್ತೇನೋ?"

"ದೊಡ್ಡ ಮನೆತನದೋರ ಕತ್ತು ಹಾಗೇ ಅಲ್ವಾ ಸಾಹೇಬ್ರೆ? ದಪ್ಪ ಕತ್ತು ನಮ್ಮಂಥ ಹೊರೆ ಹೊರೋರಿಗೆ."

ಅವನು ಕಾಲರು ಸರಿಮಾಡಿಕೊಂಡು ನಿಟ್ಟುಸಿರು ಬಿಟ್ಟ. "ನಮ್ಮ ತಾಯೀನೂ ಹಾಗೇ ಹೇಳ್ತಿದ್ರು."

ಮುನ್ನೂರು ರೊಟ್ಟಿಗಳಿಗೆ ಅವಳು ಪೀಪಾಯಿಯ ತಳದ ಅತಿ ಹಳೆಯ ಹಿಟ್ಟನ್ನು ತೆಗೆದಳು, ಎರಡು ಸಲ ಬೇಯಿಸಿದಳು, ಬಿಸಿಲಿಗೆ ಒಣಗಿಸಿದಳು. ದೆಮೆತೆರ್ ಬಂದು ಬಾಗಿಲಲ್ಲಿ ನಿಂತ.

"ಊರೋರು ಕೇಳ್ತಾವ್ರೆ ಅಕ್ಕ. ಇವನ್ನ ಎಲ್ಲಿಂದ ಶುರು ಮಾಡೋದು? ಗೊರಸಿನಿಂದಾನಾ?"

"ಗೊರಸಿನಿಂದ ತಿನ್ನೋದು ಹುಸಾರನ್ನ. ಇದು ಹುಸಾರ್ ಅಲ್ಲ ಅಂತ ಸರ್ಕಾರಾನೇ ಒಪ್ಪಿದೆ. ಇದು ಗುಮಾಸ್ತ." ಅವಳು ಹಿಟ್ಟಿನ ಕೈ ಕೊಡವಿದಳು. "ಗುಮಾಸ್ತನ ತಲೆ ನೇತುಹಾಕಿ ಯಾರನ್ನ ದಂಡಲ್ಲಿ ಕಾಯಬೇಕು ನಾವು?"

ದೆಮೆತೆರ್ ಒಂದು ರೊಟ್ಟಿಯನ್ನು ಎತ್ತಿ ಅದರ ಕತ್ತು ನೋಡಿದ. ಆಮೇಲೆ ಅವನ ಬಾಯಿ ಕಿವಿಯ ತನಕ ಹರಡಿತು. ಸಂಜೆಯೊಳಗೆ ಆ ಮಾತು ಊರೆಲ್ಲ ಸುತ್ತಿ, ಸಾಕಾಗದೆ, ಪಕ್ಕದ ನಾಲ್ಕು ಹಳ್ಳಿಗಳನ್ನೂ ಸುತ್ತಿ ಬಂತು.

ಹದಿನೆಂಟನೆಯ ತಾರೀಖು ಚೌಕದಲ್ಲಿ ಬಿಸಿಲು ಎಷ್ಟಿತ್ತೆಂದರೆ ಕಲ್ಲುಹಾಸಿನ ಮೇಲೆ ನಿಂತ ಕೋಳಿಗಳು ಬೆಂದ ಮೊಟ್ಟೆಗಳನ್ನೇ ಇಡುತ್ತಿದ್ದವು. ಗೆರ್ಗೆಯನ್ನು ಕಟ್ಟಿದ್ದ ಹಲಗೆಯ ಜಾಗದಲ್ಲಿ ವೇದಿಕೆ ಹಾಕಿದ್ದರು. ಮೇಲೆ ಮುದುಕ ಜನರಲ್, ಪಕ್ಕದಲ್ಲಿ ಕಮಿಷನರ್. ಕಮಿಷನರನಿಗೆ ಶಿಸ್ತಿನ ಹುಚ್ಚು. ಜನ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ತಿಂದರೆ ಚೆಂದವಲ್ಲವೆಂದು ಅಪ್ಪಣೆ ಕೊಟ್ಟಿದ್ದ: ಡೋಲು ಬಾರಿಸಬೇಕು. ಡೋಲು ನಿಂತ ಕ್ಷಣ ಮುನ್ನೂರು ಜನವೂ ಒಟ್ಟಿಗೇ ಕಚ್ಚಬೇಕು.

ಅದೇ ಡೋಲು. ಬೊರ್ಚಾಳಿಗೆ ಅದರ ಸದ್ದು ಗೊತ್ತಿತ್ತು. ಅವಳು ಮುಂದಿನ ಸಾಲಿನಲ್ಲಿ ಬರಿಗೈಯಲ್ಲಿ ನಿಂತಿದ್ದಳು.

ಡೋಲು ನಿಂತಿತು. ಮುನ್ನೂರು ಜನ, ಪಾದ್ರಿಗಳು, ಸೂಲಗಿತ್ತಿ, ದನ ಕಾಯುವವರು ಎಲ್ಲ, ವೇದಿಕೆಯನ್ನೇ ದಿಟ್ಟಿಸುತ್ತ ರೊಟ್ಟಿಯನ್ನು ಬಾಯಿಗಿಟ್ಟರು, ತಲೆಯ ಕಡೆಯಿಂದ.

ಚಟ್!

ಒಂದೇ ಸದ್ದು. ಮುನ್ನೂರು ಕತ್ತು ಒಟ್ಟಿಗೆ ಮುರಿದ ಸದ್ದು. ಟೀಸಾ ನದಿಯ ಮೀನುಗಳು ಒಂದು ಗಜ ಮೇಲೆ ಹಾರಿದವೆಂದು ಬೆಸ್ತರು ಪ್ರಮಾಣ ಮಾಡಿ ಹೇಳುತ್ತಾರೆ; ಎರಡು ಗಜ ಎನ್ನುವವರೂ ಇದ್ದಾರೆ, ಅದು ಉತ್ಪ್ರೇಕ್ಷೆ. ಯಾರೂ ನಗಲಿಲ್ಲ. ಮುನ್ನೂರು ದವಡೆಗಳು ಅವನನ್ನೇ ನೋಡುತ್ತ ನಿಧಾನವಾಗಿ ಅಗಿಯುತ್ತಿದ್ದವು. ವೊಂದ್ರಾಚೆಕನ ಕೈ ತಾನಾಗಿಯೇ ಕತ್ತಿನ ಬಳಿಗೆ ಹೋಯಿತು.

"ಇದೇನು ಪದ್ಧತಿ?" ಎಂದು ಜನರಲ್ ಕೆಳಗಿದ್ದ ದೆಮೆತೆರನನ್ನು ಕೇಳಿದ.

"ದೊಡ್ಡೋರ ತಲೆಗೆ ನಾವು ಕೊಡೋ ಗೌರವ, ಮಹಾಸ್ವಾಮಿ."

ಜನರಲ್ ಒಳ್ಳೆಯ ಮನುಷ್ಯ, ಊರೂರಿನ ಪದ್ಧತಿಗೆ ಬೆಲೆ ಕೊಡುವವನು. ತನ್ನ ರೊಟ್ಟಿಯನ್ನೂ ತಲೆಯಿಂದಲೇ ಕಚ್ಚಿದ. ಚಟ್. ಚೆನ್ನಾಗಿದೆಯೆಂದು ಇನ್ನೊಂದು ತರಿಸಿಕೊಂಡು ಅದರ ತಲೆಯನ್ನೂ ತಿಂದ.

ಅಲ್ಲಿಂದ ಮುಂದೆ ವೊಂದ್ರಾಚೆಕನಿಗೆ ಆ ಸದ್ದಿನಿಂದ ಬಿಡುಗಡೆಯಾಗಲಿಲ್ಲ. ಅವನು ಬೀದಿಗಿಳಿದರೆ ತರಕಾರಿ ಮಾರುವ ಹೆಂಗಸರು ಆಕ್ರೋಟು ಒಡೆಯುತ್ತಿದ್ದರು. ಚಟ್. ಕಚೇರಿಯ ಮುಂದೆ ದನ ಕಾಯುವವರು ಚಾವಟಿ ಬೀಸುತ್ತಿದ್ದರು. ಚಟ್. ಪಾದ್ರಿಗಳಂಥ ಪಾದ್ರಿಗಳೇ ಅವನಿಗೆ ನಮಸ್ಕರಿಸುವಾಗ ಬೆರಳಿನ ನೆಟಿಗೆ ಮುರಿಯುತ್ತಿದ್ದರು. ಯಾವ ಕಾನೂನಿನಲ್ಲಿ ಹಿಡಿಯುವುದು? ಆಕ್ರೋಟು ನಿಷೇಧಿಸಬೇಕೆಂದು ಅವನು ಪೆಷ್ಟ್‌ಗೆ ಬರೆದ ಪತ್ರ ಓದಿ, ಮೇಲಿನವರು ಅವನಿಗೆ ವಿಶ್ರಾಂತಿ ಬೇಕೆಂದು ತೀರ್ಮಾನಿಸಿ, ಗಲೀಷಿಯಾದ ಮೂಲೆಯ ಒಂದು ಉಪ್ಪಿನ ಉಗ್ರಾಣಕ್ಕೆ ವರ್ಗ ಮಾಡಿದರು.

ಹೊರಡುವ ದಿನ ಮಧ್ಯಾಹ್ನ ಅವನು ಬೊರ್ಚಾಳ ಅಂಗಡಿಗೆ ಬಂದ. ಸುಡುವ ಸೆಪ್ಟೆಂಬರಿನಲ್ಲೂ ಕುತ್ತಿಗೆಗೆ ಮೂರು ಸುತ್ತು ಉಣ್ಣೆಯ ಶಾಲು.

"ಆ ಅಚ್ಚು ನನಗೆ ಬೇಕು."

"ಅಚ್ಚು ಒಯ್ಯೋದು ನಿಮಗೇನು ಹೊಸದಾ? ಪೊಲೀಸಿನೋರು ಎಲ್ಲಿ? ಗಾಡಿ ಎಲ್ಲಿ?"

"ಇವತ್ತಿಂದ ನಾನಿಲ್ಲಿ ಏನೂ ಅಲ್ಲ." ಅವನ ದನಿ ಕುಗ್ಗಿತು. "ಕೇಳ್ಕೋತಾ ಇದೀನಿ."

"ಹಾಗಾದ್ರೆ ಕೂತ್ಕೊಳಿ." ಬೊರ್ಚಾ ಎತ್ತಿಟ್ಟಿದ್ದ ಒಂದು ರೊಟ್ಟಿಯನ್ನು ತಂದು ಅವನ ಮುಂದಿಟ್ಟಳು. "ಇದನ್ನ ಪೂರ್ತಿ ತಿನ್ನಿ. ತಲೆಯಿಂದ ಶುರು ಮಾಡಿ. ಆಮೇಲೆ ಅಚ್ಚು ತಗೊಂಡು ಹೋಗಿ."

ಅವನು ತನ್ನನ್ನು ತಾನು ನೋಡಿಕೊಂಡ. "ಯಾಕಮ್ಮ ಇದೆಲ್ಲ? ನಾನು ನಿನಗೇನು ಮಾಡಿದ್ದೆ?"

"ಗೆರ್ಗೆ."

"ಯಾರು ಗೆರ್ಗೆ?"

ಬೊರ್ಚಾಳ ಕೈಯಲ್ಲಿ ಲಟ್ಟಣಿಗೆಯಿತ್ತು. ಸಾಮ್ರಾಜ್ಯ ಒಬ್ಬ ಉಗ್ರಾಣದ ಗುಮಾಸ್ತನನ್ನು ಕಳೆದುಕೊಳ್ಳುವುದಕ್ಕೆ ಆ ಗಳಿಗೆಯಲ್ಲಿ ಬಾಕಿಯಿದ್ದದ್ದು ಒಂದು ಉಸಿರು ಮಾತ್ರ. ಇವನು ಮರೆತೂ ಇರಲಿಲ್ಲ. ಮರೆಯಲು ಮೊದಲು ತಿಳಿದಿರಬೇಕಲ್ಲ. ಅವಳು ಲಟ್ಟಣಿಗೆಯನ್ನು ಮೇಜಿನ ಮೇಲಿಟ್ಟಳು, ಕೈಗೆಟುಕುವ ಹಾಗೆ.

"ಒಲೆಗೆ ಕೈ ಹಾಕಿದೋನು. ಚೌಕದಲ್ಲಿ ಇಪ್ಪತ್ತೈದು ಏಟು ತಿಂದೋನು. ನೀವು ಕಿಟಕೀಲಿ ಕಾಫಿ ಕುಡೀತಿದ್ರಿ. ಏಟು ಮುಗಿಯೋಕೆ ಮುಂಚೆ ನಿಮ್ಮ ಕಾಫಿ ಮುಗೀತು, ಒಳಗೆ ಹೋದ್ರಿ. ನನ್ನ ಗಂಡ. ಚಾಪೋ ಗೆರ್ಗೆ. ಈಗ ಗೊತ್ತಾಯ್ತಲ್ಲ, ಒಂದೊಂದು ತುತ್ತಿಗೂ ಆ ಹೆಸರು ಹೇಳಿ ಕಚ್ಚಿ."

"ಚಾಪೋ ಗೆರ್ಗೆ," ಎಂದ ವೊಂದ್ರಾಚೆಕ್. ಚಟ್.

"ಜೋರಾಗಿ."

"ಚಾಪೋ ಗೆರ್ಗೆ!"

ಎದೆಯ ಹೊತ್ತಿಗೆ ಒಂದು ಹಲ್ಲು ಹೋಯಿತು. ಕತ್ತಿಯ ಹೊತ್ತಿಗೆ ಇನ್ನೊಂದು. ಕುದುರೆಯ ಬಾಲದ ತನಕ ಅವನು ತನ್ನನ್ನು ತಾನೇ ತಿಂದು ಮುಗಿಸಿದ. ಕಣ್ಣಲ್ಲಿ ನೀರು, ತುಟಿಯಲ್ಲಿ ರಕ್ತ, ಮಡಿಲಲ್ಲಿ ಚೂರುಗಳು. "ಆ ಚೂರೂನೂ," ಎಂದಳು ಬೊರ್ಚಾ. ಅದನ್ನೂ ತಿಂದ. ಅಚ್ಚನ್ನು ಎದೆಗವುಚಿಕೊಂಡು ಗಾಡಿ ಹತ್ತಿದ. ಅಟ್ಟದ ಮೇಲೆ ಅದೇ ತೆಳು ಕತ್ತಿನ ಇನ್ನೂ ಮೂರು ಅಚ್ಚುಗಳಿವೆಯೆಂದು ಅವನು ಕೇಳಲೂ ಇಲ್ಲ, ಅವಳು ಹೇಳಲೂ ಇಲ್ಲ.

ಗಾಡಿಯ ಧೂಳು ಅಡಗಿದ ಮೇಲೆ ಬೊರ್ಚಾ ಜೇನಿನ ಪೀಪಾಯಿಯ ಮುಚ್ಚಳ ತೆಗೆದಳು. ಆಣೆ ತೀರಿತ್ತು. ದೆಮೆತೆರ್ ಟೋಪಿ ತೆಗೆದು ಬಾಗಿಲಲ್ಲಿ ನಿಂತ. ಅವಳು ಕೈ ತೊಳೆದು, ತೋರುಬೆರಳನ್ನು ಅದ್ದಿ, ಕಣ್ಣು ಮುಚ್ಚಿ, ನಾಲಿಗೆಗೆ ಇಟ್ಟುಕೊಂಡಳು.

"ಹೇಗಿದೆ ಅಕ್ಕ? ಸಿಹಿಯಾಗಿದ್ಯಾ?"

"ಸಿಹಿ ಇದೆ," ಎಂದಳು ಬೊರ್ಚಾ, ಕಣ್ಣು ತೆರೆಯದೆ. "ಜೇನಿಲ್ಲ."

"ಹಾಂ?"

"ಬೀಟ್‌ಗೆಡ್ಡೆ ಪಾಕ. ಮೊಟ್ಟೆ ತೇಲೋ ಅಷ್ಟು ಗಟ್ಟಿಯಾಗಿ ಕುದಿಸಿದಾನೆ." ಅವಳು ಎರಡನೆಯ ಪೀಪಾಯಿ ತೆರೆದಳು, ನೆಕ್ಕಿದಳು. ಮೂರನೆಯದು ತೆರೆದಳು. "ಮೂರು ವರ್ಷ. ನನ್ನ ಗಂಡನ ಗೋರಿ ಮುಂದೆ ಎದೆ ಮುಟ್ಕೊಂಡು ಅಳ್ತಿದ್ನಲ್ಲ ಇಗ್ನಾಟ್ಸ್, ಮೂರು ವರ್ಷದಿಂದ ಒಂದು ತೊಟ್ಟು ಜೇನು ಹಾಕಿಲ್ಲ!"

ದೆಮೆತೆರ್ ಟೋಪಿಯನ್ನು ಮತ್ತೆ ತಲೆಗಿಟ್ಟುಕೊಂಡ. ಬೊರ್ಚಾ ಅಟ್ಟ ಹತ್ತಿದಳು. ಗೆರ್ಗೆಯ ಹಲಗೆಗಳಲ್ಲಿ ಇನ್ನೂ ಒಂದು ಉಳಿದಿತ್ತು. ಅದನ್ನು ಹೆಗಲ ಮೇಲೆ ಹೊತ್ತು ಇಳಿದು ಬಂದು, ಮೇಜಿನ ಮೇಲೆ ಇಟ್ಟು, ಉಳಿಯನ್ನು ಸಾಣೆ ಹಿಡಿಯಲು ಕೂತಳು.

"ದೆಮೆತೆರ್, ಇಗ್ನಾಟ್ಸನ ಮೂಗು ಸೊಟ್ಟ ಅಲ್ವಾ? ಯಾವ ಕಡೆಗೆ?"

"ಎಡಕ್ಕೆ ಅಕ್ಕ."

"ಹಾಗಾದ್ರೆ ಬಲಕ್ಕೆ ಕೊರೀಬೇಕು," ಎಂದಳು ಬೊರ್ಚಾ.